ದೂತನನ್ನು ಕೊಲ್ಲುವ ಮುನ್ನ

ಕ್ವಾರಿಯಲ್ಲಿ ಕಲ್ಲು ತುಂಬುವ ವೀಲ್ ಲೋಡರ್ ಒಂದು ಬೆಳಿಗ್ಗೆ ಎರಡನೇ ಗೇರಿನಿಂದ ಮೇಲೆ ಹೋಗಲ್ಲ ಅಂತ ಹಠ ಹಿಡಿಯುತ್ತೆ ಅಂದುಕೊಳ್ಳಿ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಲ್ಯಾಪ್‌ಟಾಪ್ ಜೋಡಿಸಿ ನೋಡಿದರೆ ಒಂದು ನಂಬರು: 191. ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್‌ನ ವೇಗದ ಲೆಕ್ಕದಲ್ಲಿ ಏನೋ ಎಡವಟ್ಟಾಗಿದೆ ಅಂತ ಅದರರ್ಥ. "ಸೆನ್ಸರ್ ಹೋಗಿದೆ, ಹೊಸದು ಹಾಕಿ" ಅಂತ ತೀರ್ಪಾಗುತ್ತೆ. ಹಾಕ್ತಾರೆ. ಎರಡು ದಿನ ಬಿಟ್ಟು ಮತ್ತೆ ಅದೇ 191. ಗಂಟೆ ಲೆಕ್ಕದಲ್ಲಿ ದುಡಿಯುವ ಯಂತ್ರ ನಿಂತರೆ ಬಾಡಿಗೆ ನಿಲ್ಲುತ್ತೆ, ಸಾಲದ ಕಂತು ನಿಲ್ಲಲ್ಲ.

ಹೆಬ್ಬೆರಳು ಗಾತ್ರದ ಈ ಸೆನ್ಸರ್ ಯಾವಾಗ ಸುಳ್ಳು ಹೇಳುತ್ತೆ, ಯಾವಾಗ ನಿಜ ಹೇಳಿಯೂ ಬೈಸಿಕೊಳ್ಳುತ್ತೆ ಅನ್ನೋದು ಗೊತ್ತಾಗಬೇಕಾದರೆ ಅದು ಎಲ್ಲಿಂದ ಬಂತು ಅಂತ ನೋಡಬೇಕು.

ಯಂತ್ರದ ವೇಗ ಅಳೆಯುವ ಕೆಲಸ ಶುರುವಾಗಿದ್ದು ಕಣ್ಣಿಗೆ ಕಾಣುವ ಸಾಮಾನುಗಳಿಂದ. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿ ಯಂತ್ರಕ್ಕೆ ಗವರ್ನರ್ ಜೋಡಿಸಿದ. ತಿರುಗುವ ಎರಡು ಗುಂಡುಗಳು, ಅಷ್ಟೇ. ವೇಗ ಹೆಚ್ಚಾದರೆ ಗುಂಡುಗಳು ಅಗಲಿಸಿ ಮೇಲೇಳುತ್ತವೆ, ಉಗಿಯ ದಾರಿ ಕಿರಿದಾಗುತ್ತೆ. 1902ರಲ್ಲಿ ಜರ್ಮನಿಯ ಓಟ್ಟೊ ಶುಲ್ಜೆ ಸ್ಪೀಡೋಮೀಟರಿಗೆ ಪೇಟೆಂಟ್ ಪಡೆದ. ತಿರುಗುವ ಅಯಸ್ಕಾಂತ ಲೋಹದ ಬಟ್ಟಲನ್ನು ತಾನು ತಿರುಗುವ ದಿಕ್ಕಿಗೆ ಎಳೆಯುತ್ತೆ, ಮುಳ್ಳು ಸರಿಯುತ್ತೆ. ಇವು ಕೆಟ್ಟರೆ ಕಾರಣ ಹುಡುಕೋದು ಸುಲಭವಿತ್ತು. ಕೀಲು ಸವೆದಿದೆ, ಕೇಬಲ್ ತುಂಡಾಗಿದೆ, ನೋಡಿದರೇ ಗೊತ್ತಾಗುತ್ತೆ. ನಮ್ಮೂರ ಕಡೆ ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳು ಸ್ಕ್ರೂಡ್ರೈವರ್‌ನ ತುದಿ ಬೇರಿಂಗ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡು ರೋಗ ಹೇಳೋದು ಇದೇ ಪರಂಪರೆ.

ಆದರೆ ದೊಡ್ಡ ಯಂತ್ರಗಳಲ್ಲಿ ಒಂದು ಸಮಸ್ಯೆ ಎದುರಾಯಿತು. 1905ರಲ್ಲಿ ಹರ್ಮನ್ ಫೋಟಿಂಗರ್ ಅನ್ನೋ ಜರ್ಮನ್ ಎಂಜಿನಿಯರ್ ಹಡಗುಗಳಿಗಾಗಿ ಎಣ್ಣೆ, ನೀರಿನಂಥ ದ್ರವದ ಮೂಲಕ ಶಕ್ತಿ ದಾಟಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಇವತ್ತಿನ ಲೋಡರ್, ಡೋಜರ್‌ಗಳ ಟಾರ್ಕ್ ಕನ್ವರ್ಟರ್ ಅದರ ಮೊಮ್ಮಗ. ನಡುವೆ ಇರೋದು ಎಣ್ಣೆ. ಹಾಗಾಗಿ ಎಂಜಿನ್ ಜೋರಾಗಿ ತಿರುಗುತ್ತಿದ್ದರೂ ಬಕೆಟ್ ಮಣ್ಣಿನ ಗುಡ್ಡೆಗೆ ಸಿಕ್ಕಿ ಚಕ್ರ ಅಲ್ಲಾಡದೇ ಇರಬಹುದು. ಎಂಜಿನ್ ವೇಗದಿಂದ ಚಕ್ರದ ವೇಗ ಊಹಿಸೋಕಾಗಲ್ಲ. ಗೇರ್‌ಬಾಕ್ಸಿನ ಒಳಗೆ ಹೋಗೋದು ಎಷ್ಟು, ಹೊರಗೆ ಬರೋದು ಎಷ್ಟು ಅಂತ ಬೇರೆಬೇರೆಯಾಗಿ ಅಳೆಯಲೇಬೇಕು. ಎರಡರ ಅನುಪಾತ ಹಾಕಿರೋ ಗೇರಿಗೆ ತಾಳೆಯಾದರೆ ಸರಿ, ಇಲ್ಲದಿದ್ದರೆ ಒಳಗೆ ಕ್ಲಚ್ ಜಾರುತ್ತಿದೆ.

ಇಲ್ಲಿ ನೆರವಿಗೆ ಬಂದಿದ್ದು ಮೈಕೇಲ್ ಫ್ಯಾರಡೆ 1831ರಲ್ಲಿ ಲಂಡನ್ನಿನಲ್ಲಿ ಕಂಡುಕೊಂಡ ಸತ್ಯ. ಅಯಸ್ಕಾಂತದ ಪ್ರಭಾವ ಬದಲಾದರೆ ತಂತಿಯ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತೆ. ಅಯಸ್ಕಾಂತಕ್ಕೆ ಸುರುಳಿ ಸುತ್ತಿ ಗೇರಿನ ಹಲ್ಲುಗಳ ಎದುರು ಹಿಡಿದರೆ, ಒಂದೊಂದು ಹಲ್ಲು ಹಾದುಹೋದಾಗಲೂ ಒಂದು ಮಿಡಿತ. 60 ಹಲ್ಲಿನ ಚಕ್ರದಿಂದ ಸೆಕೆಂಡಿಗೆ 1,800 ಮಿಡಿತ ಬಂದರೆ ನಿಮಿಷಕ್ಕೆ 1,800 ಸುತ್ತು. ಬ್ಯಾಟರಿ ಬೇಡ, ಬಿಸಿ ಎಣ್ಣೆಗೂ ಜಗ್ಗಲ್ಲ. ಕೊರತೆ ಒಂದೇ: ವೇಗ ಕಡಿಮೆಯಾದಂತೆ ಮಿಡಿತದ ವೋಲ್ಟೇಜೂ ಇಳಿಯುತ್ತೆ. ಯಂತ್ರ ತೆವಳುತ್ತಿದ್ದರೆ ಸಿಗ್ನಲ್ ಇಲ್ಲವೇ ಇಲ್ಲ ಅನ್ನುವಷ್ಟು. ಯಂತ್ರ ನಿಂತಿದ್ದರೂ ಸೊನ್ನೆ, ವೈರು ತುಂಡಾಗಿದ್ದರೂ ಸೊನ್ನೆ.

ಕೋಡ್ ಬರೆಯುವವರಿಗೆ ಇದು ಗೊತ್ತಿರೋ ತಲೆನೋವೇ. ಜೀರೋ ಬೇರೆ, ನಲ್ ಬೇರೆ. "ವೇಗ ಇಲ್ಲ" ಅನ್ನೋದು ಒಂದು ಸುದ್ದಿ, "ಸುದ್ದಿಯೇ ಇಲ್ಲ" ಅನ್ನೋದು ಇನ್ನೊಂದು. ನಮ್ಮಲ್ಲಿ ಇವೆರಡು ಕಲಸಿಹೋದರೆ ರಿಪೋರ್ಟ್ ತಪ್ಪಾಗುತ್ತೆ. ಅಲ್ಲಿ ಹತ್ತಾರು ಟನ್ ತೂಕದ ಯಂತ್ರ ಇಳಿಜಾರಿನಲ್ಲಿರುತ್ತೆ. ಯಂತ್ರ ಓಡುತ್ತಿರುವಾಗಲೇ ಕಂಟ್ರೋಲರ್ "ನಿಂತಿದೆ" ಅಂತ ನಂಬಿ, ಮುಂದಿನಿಂದ ಹಿಂದಕ್ಕೆ ಗೇರ್ ಬದಲಿಸಲು ಬಿಟ್ಟರೆ ಕ್ಲಚ್ ಸುಟ್ಟುಹೋಗಬಹುದು, ಯಂತ್ರ ಹತೋಟಿ ತಪ್ಪಬಹುದು. ಅದಕ್ಕೇ ಸುದ್ದಿಯ ಮೇಲೆ ಅನುಮಾನ ಬಂದ ತಕ್ಷಣ ಹಲವು ಯಂತ್ರಗಳು ಕೆಳಗಿನ ಗೇರಿಗೇ ಕಟ್ಟಿಹಾಕಿಕೊಳ್ಳುತ್ತವೆ. ಆ ಹಠ ಯಂತ್ರದ ಸೊಕ್ಕಲ್ಲ, ಎಚ್ಚರಿಕೆ.

ಸೊನ್ನೆಯ ಗೊಂದಲಕ್ಕೆ ಪರಿಹಾರ ಬಹಳ ಹಿಂದೆಯೇ ಹುಟ್ಟಿತ್ತು. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಡ್ವಿನ್ ಹಾಲ್, ವಿದ್ಯುತ್ ಹರಿಯುತ್ತಿದ್ದ ತೆಳು ಚಿನ್ನದ ಹಾಳೆಯನ್ನು ಅಯಸ್ಕಾಂತದ ನಡುವೆ ಇಟ್ಟು, ಅಡ್ಡಡ್ಡಲಾಗಿ ಸಣ್ಣ ವೋಲ್ಟೇಜ್ ಹುಟ್ಟೋದನ್ನು ಗುರುತಿಸಿದ. ಸೆಮಿಕಂಡಕ್ಟರ್ ಬಂದ ಮೇಲೆ ಇದು ಕೆಲಸಕ್ಕೆ ಬಂತು. ಹಾಲ್ ಸೆನ್ಸರಿಗೆ ವೇಗ ಬೇಕಿಲ್ಲ, ಹಲ್ಲು ಎದುರಿಗಿದೆಯೋ ಇಲ್ಲವೋ ಅಷ್ಟೇ ಸಾಕು. ತೆವಳುವ ಯಂತ್ರವನ್ನೂ ಅದು ನೋಡಬಲ್ಲದು. ಬದಲಿಗೆ ಅದಕ್ಕೆ ಹೊರಗಿನಿಂದ ಕರೆಂಟ್ ಕೊಡಬೇಕು. ಅಂದರೆ ಕೆಡೋದಕ್ಕೆ ಇನ್ನೊಂದು ದಾರಿ ಸಿಕ್ಕಂತಾಯಿತು.

ನಂಬರುಗಳ ಕಾಲ ಆಮೇಲೆ ಬಂತು. 1986ರಲ್ಲಿ ಬಾಷ್ ಕಂಪನಿ ಕ್ಯಾನ್ ಬಸ್ ಅನ್ನು ಡೆಟ್ರಾಯಿಟ್‌ನಲ್ಲಿ ಪರಿಚಯಿಸಿತು. ಬೆಂಗಳೂರಿನಲ್ಲಿ ಮೈಕೋ ಅಂತ ಹೆಸರಾಗಿದ್ದು ಇದೇ ಬಾಷ್‌ನ ಇಲ್ಲಿನ ಕಂಪನಿ. ಕ್ಯಾನ್ ಮೇಲೆ ಕಟ್ಟಿದ ಜೆ1939 ಅನ್ನೋ ನಿಯಮಾವಳಿಯಲ್ಲಿ ಪ್ರತಿ ದೂರಿಗೂ ಎರಡು ನಂಬರು. ಮೊದಲನೆಯದು ಯಾವ ಅಳತೆ ಅಂತ: 161 ಒಳಬರುವ ಶಾಫ್ಟ್, 191 ಹೊರಹೋಗುವ ಶಾಫ್ಟ್. ಎರಡನೆಯದು ಏನಾಗಿದೆ ಅಂತ: 2 ಅಂದರೆ ಮಾಹಿತಿ ಏರುಪೇರು, 5 ಅಂದರೆ ಸರ್ಕ್ಯೂಟ್ ಕಡಿದಿದೆ, 8 ಅಂದರೆ ಮಿಡಿತದ ಲಯ ಸರಿಯಿಲ್ಲ. ಬಹಳ ಜನ ಮೊದಲ ನಂಬರು ಓದಿ ಅಂಗಡಿಗೆ ಫೋನ್ ಮಾಡ್ತಾರೆ. ರೋಗದ ಸುಳಿವು ಇರೋದು ಎರಡನೆಯದರಲ್ಲಿ. ಅಲ್ಲೂ "ಸೆನ್ಸರ್ ಕೆಟ್ಟಿದೆ" ಅಂತ ಎಲ್ಲೂ ಬರೆದಿಲ್ಲ.

ಇತಿಹಾಸ ಗೊತ್ತಿದ್ದರೆ ಪರೀಕ್ಷೆಯ ದಾರಿ ತಾನಾಗೇ ತೆರೆದುಕೊಳ್ಳುತ್ತೆ. ಮೊದಲು ಕಪ್ಲರ್ ಬಿಚ್ಚಿ ನೋಡಬೇಕು: ನೀರು, ಕೆಸರು, ಹಸಿರು ತುಕ್ಕು. ವೈರನ್ನು ಅಲ್ಲಾಡಿಸಿದಾಗ ದೂರು ಬಂದು ಹೋಗುತ್ತಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಫ್ಯಾರಡೆಯ ವಂಶದ ಸೆನ್ಸರ್ ಆದರೆ ಸುರುಳಿಯ ಓಮ್ ಅಳೆದು ಮ್ಯಾನ್ಯುಯಲ್ಲಿಗೆ ತಾಳೆ ನೋಡಬಹುದು, ಶಾಫ್ಟ್ ತಿರುಗಿದಾಗ ಎಸಿ ವೋಲ್ಟೇಜ್ ಏರುತ್ತಾ ಅಂತ ನೋಡಬಹುದು. ಹಾಲ್ ವಂಶದ್ದಾದರೆ ಓಮ್ ಅಳತೆಗೆ ಅರ್ಥವಿಲ್ಲ. ಅದಕ್ಕೆ ಕರೆಂಟ್ ತಲುಪಿದೆಯಾ, ಅರ್ಥ್ ಸರಿಯಿದೆಯಾ, ಹಲ್ಲು ಹಾದಾಗ ಸಿಗ್ನಲ್ ಮೇಲೆ ಕೆಳಗೆ ಆಗುತ್ತಾ, ಇದಿಷ್ಟು ನೋಡಬೇಕು. ಒಂದೇ ತರದ ಎರಡು ಸೆನ್ಸರ್ ಇದ್ದರೆ ಅದಲುಬದಲು ಮಾಡೋದು ಇನ್ನೂ ಸುಲಭ. ದೂರು ಸೆನ್ಸರ್ ಹಿಂದೆ ಹೋದರೆ ಅದೇ ತಪ್ಪಿತಸ್ಥ, ಹಳೇ ಜಾಗದಲ್ಲೇ ಉಳಿದರೆ ವೈರು, ಕಂಟ್ರೋಲರ್ ಅಥವಾ ಹಲ್ಲಿನ ಚಕ್ರ.

ಕೊನೆಯದಾಗಿ ಸೆನ್ಸರ್ ಬಿಚ್ಚಿದಾಗ ಅದರ ತುದಿ ನೋಡಬೇಕು. ಒಳಗಿರೋದು ಅಯಸ್ಕಾಂತ, ಹಾಗಾಗಿ ಎಣ್ಣೆಯಲ್ಲಿ ತೇಲುವ ಕಬ್ಬಿಣದ ಚೂರುಗಳು ಅಲ್ಲಿ ಬಂದು ಅಂಟುತ್ತವೆ, ಲಯ ಕೆಡಿಸುತ್ತವೆ. ಒರೆಸಿ ಹಾಕಿದರೆ ದೀಪ ಆರುತ್ತೆ, ಎಲ್ಲರೂ ಖುಷಿ. ಆದರೆ ಆ ಚೂರು ಬಂದಿದ್ದೆಲ್ಲಿಂದ? ಒಳಗೆ ಯಾವುದೋ ಗೇರು, ಬೇರಿಂಗು ತನ್ನ ಮೈ ತಾನೇ ತಿನ್ನುತ್ತಿದೆ. ದೂತನನ್ನು ಕೊಲ್ಲಬಾರದು ಅಂತ ವಿಭೀಷಣ ಹೇಳಿದ ಮೇಲೆ ರಾವಣ ಹನುಮಂತನ ಬಾಲಕ್ಕೆ ಬೆಂಕಿ ಹಚ್ಚಿಸಿದ, ತಂದ ಸುದ್ದಿಯನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ಸೆನ್ಸರ್ ಎಸೆದು ಎಣ್ಣೆ ಫಿಲ್ಟರ್ ಕೊಯ್ದು ನೋಡದೇ ಇರೋದೂ ಹಾಗೇ. ಸೆನ್ಸರಿನ ಬೆಲೆಯಲ್ಲಿ ಮುಗಿಯಬೇಕಿದ್ದ ಕೆಲಸ ಗೇರ್‌ಬಾಕ್ಸಿನ ಬೆಲೆಗೆ ಬಂದು ನಿಲ್ಲುತ್ತೆ.

ಇದೆಲ್ಲಕ್ಕೂ ಮುಂಚೆ ಕೇಳಬೇಕಾದವನು ಒಬ್ಬನಿದ್ದಾನೆ, ಆಪರೇಟರ್. ಬಿಸಿಯಾದ ಮೇಲೆ ಹೀಗಾಗುತ್ತಾ, ಮಳೆ ಬಂದಾಗಲಾ, ಹಿಂದಕ್ಕೆ ಹೋಗುವಾಗ ಮಾತ್ರಾನಾ? ದಿನಕ್ಕೆ ಎಂಟು ಗಂಟೆ ಆ ಸೀಟಿನಲ್ಲಿ ಕೂರುವ ಅವನ ಮೈಗೆ ಗೊತ್ತಿರೋದು ಯಾವ ನಂಬರಿನಲ್ಲೂ ಬರಲ್ಲ. ಲ್ಯಾಪ್‌ಟಾಪ್ ತೆರೆಯೋ ಮೊದಲು ಐದು ನಿಮಿಷ ಅವನ ಜೊತೆ ಚಹಾ ಕುಡಿಯೋದು ಒಳ್ಳೇದು.