ಎರಡು ಮೊಳದ ಕುದುರೆ ಎಳೆದು ಬಂದ ದಾರಿ

ಆ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಮಣ್ಣು ಹಾಸಿದ ದೊಡ್ಡ ಅಂಗಳದಲ್ಲಿ ಹತ್ತು ಹನ್ನೆರಡು ಪುಟ್ಟ ಗಾಡಿಗಳು. ಒಂದೊಂದಕ್ಕೂ ಕಟ್ಟಿರುವುದು ನಮ್ಮ ಕೊಟ್ಟಿಗೆಯ ಕರುವಿಗಿಂತ ಗಿಡ್ಡ ಇರುವ ಕುದುರೆ. ಗಾಡಿಯ ಮೇಲೆ ಕೋಟು ತೊಟ್ಟು ಟೋಪಿ ಹಾಕಿದ ದೊಡ್ಡ ಮನುಷ್ಯರು. ಕುದುರೆಗಳು ಕುತ್ತಿಗೆ ಎತ್ತಿ, ಹಿಂದೆ ಜಟಕಾ ಕುದುರೆ ಓಡುತ್ತಿತ್ತಲ್ಲ, ಅದೇ ಕುಕ್ಕುಲೋಟದಲ್ಲಿ ಸುತ್ತು ಹಾಕುತ್ತವೆ. ನಮಗೆ ಇದನ್ನು ಕಳಿಸಿದವರು ಎರಡು ಪ್ರಶ್ನೆ ಕೇಳಿದ್ದರು. ಇವು ಕುದುರೆಮರಿಗಳಾ? ಅಷ್ಟು ಸಣ್ಣದಕ್ಕೆ ದೊಡ್ಡವರು ಕೂತ ಗಾಡಿ ಕಟ್ಟುವುದು ಪಾಪ ಅಲ್ಲವಾ?

ಮೊದಲನೆಯದಕ್ಕೆ ಉತ್ತರ ಸುಲಭ. ಮರಿಗಳಲ್ಲ, ಪೂರ್ತಿ ಬೆಳೆದ ಕುದುರೆಗಳು. ಮಿನಿಯೇಚರ್ ಕುದುರೆ ಎನ್ನುತ್ತಾರೆ. ಅಮೆರಿಕದ ಒಂದು ಸಂಘದ ನಿಯಮದಂತೆ ಎತ್ತರ 34 ಇಂಚು ದಾಟಬಾರದು, ಅಂದರೆ ಎರಡು ಮೊಳಕ್ಕೂ ಎರಡು ಇಂಚು ಕಡಿಮೆ. ಎರಡನೇ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನಾವು ಇಂಗ್ಲೆಂಡಿನ ಕಲ್ಲಿದ್ದಲು ಗಣಿಗೆ ಇಳಿಯಬೇಕಾಯಿತು.

ಅದಕ್ಕೂ ಮೊದಲು ಸ್ಕಾಟ್ಲೆಂಡಿನ ಉತ್ತರಕ್ಕೆ, ಸಮುದ್ರದ ನಡುವೆ ಇರುವ ಶೆಟ್‌ಲ್ಯಾಂಡ್ ದ್ವೀಪಗಳಿಗೆ ಹೋಗಬೇಕು. ಮರವಿಲ್ಲದ ನೆಲ, ಬಿಡದ ಗಾಳಿ, ಚಳಿಗಾಲದಲ್ಲಿ ಮೇವು ಕಡಿಮೆ. ಅಂಥ ಕಡೆ ದೊಡ್ಡ ಮೈ ಸಾಕಿಕೊಳ್ಳಲು ಆಗುವುದಿಲ್ಲ. ಮಲೆನಾಡು ಗಿಡ್ಡ ಹಸುವನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ತಟ್ಟುಗಳು ತಲೆಮಾರುಗಳ ಕಾಲ ಗಿಡ್ಡವಾಗಿಯೇ ಉಳಿದವು. ದಪ್ಪ ಕೂದಲು, ಮೋಟು ಕಾಲು, ಗಟ್ಟಿ ಬೆನ್ನು. ಇವತ್ತಿಗೂ ಶೆಟ್‌ಲ್ಯಾಂಡ್ ತಳಿ 42 ಇಂಚು ದಾಟುವಂತಿಲ್ಲ. ಊರಿನವರು ಅವುಗಳ ಬೆನ್ನಿಗೆ ಬುಟ್ಟಿ ಕಟ್ಟಿ ಒಲೆಗೆ ಉರಿಸುವ ಜೌಗುಮಣ್ಣಿನ ಹೆಂಟೆ ಹೊರಿಸುತ್ತಿದ್ದರು. ಅವು ಗಿಡ್ಡ ಆದದ್ದು ನೆಲದಿಂದ, ಮನುಷ್ಯನ ಆಸೆಯಿಂದಲ್ಲ. ಆಸೆ ಆಮೇಲೆ ಬಂತು.

ಈಗ ಗಣಿಗೆ ಬರೋಣ. 1838ರ ಜುಲೈ 4. ಯಾರ್ಕ್‌ಶೈರ್ ಸೀಮೆಯ ಸಿಲ್ಕ್‌ಸ್ಟೋನ್ ಊರಿನ ಹಸ್ಕರ್ ಗಣಿ. ಭಾರೀ ಮಳೆ ಬಂದು, ಜನರನ್ನು ಮೇಲಕ್ಕೆ ಎತ್ತುವ ಯಂತ್ರ ನಿಂತಿತು. ಕೆಳಗಿದ್ದ ಮಕ್ಕಳು ಗಾಳಿಗೆಂದು ಕೊರೆದಿದ್ದ ಇಳಿಜಾರು ದಾರಿಯಲ್ಲಿ ಹೊರಬರಲು ಹೊರಟರು. ಪಕ್ಕದ ಹಳ್ಳ ಉಕ್ಕಿ ಅದೇ ದಾರಿಗೆ ನುಗ್ಗಿತು. 26 ಮಕ್ಕಳು ಮುಳುಗಿ ಸತ್ತರು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು.

ಮಕ್ಕಳಿಗೆ ಗಣಿಯಲ್ಲೇನು ಕೆಲಸ? ಗಾಡಿ ಎಳೆಯುವುದು. ಕಲ್ಲಿದ್ದಲಿನ ಪದರ ಕೆಲವು ಕಡೆ ಎರಡು ಮೂರು ಅಡಿ ದಪ್ಪ ಮಾತ್ರ. ಆ ಬಿಲದಲ್ಲಿ ದೊಡ್ಡವರು ನೆಟ್ಟಗೆ ನಿಲ್ಲಲಾಗದು, ದೊಡ್ಡ ಕುದುರೆಯೂ ಹೋಗದು. ಹಾಗಾಗಿ ಮಕ್ಕಳ, ಹೆಂಗಸರ ಸೊಂಟಕ್ಕೆ ಪಟ್ಟಿ ಕಟ್ಟಿ, ಕಾಲುಗಳ ನಡುವೆ ಸರಪಳಿ ಹಾಯಿಸಿ, ನಾಲ್ಕು ಕಾಲಿನ ಮೇಲೆ ತೊಟ್ಟಿಬಂಡಿ ಎಳೆಸುತ್ತಿದ್ದರು. ಹಸ್ಕರ್ ದುರಂತದ ಬಳಿಕ ಸರ್ಕಾರ ವಿಚಾರಣೆಗೆ ಆಯೋಗ ನೇಮಿಸಿತು. 1842ರಲ್ಲಿ ಅದರ ವರದಿ ಚಿತ್ರಗಳ ಸಮೇತ ಹೊರಬಂದಾಗ ದೇಶ ಬೆಚ್ಚಿಬಿದ್ದಿತು. ಅದೇ ವರ್ಷ ಕಾನೂನು ಬಂತು. ಹೆಂಗಸರು, ಹೆಣ್ಣುಮಕ್ಕಳು, 10 ವರ್ಷದೊಳಗಿನ ಗಂಡುಮಕ್ಕಳು ನೆಲದಡಿ ದುಡಿಯುವಂತಿಲ್ಲ.

ಕಲ್ಲಿದ್ದಲು ಮಾತ್ರ ಹೊರಗೆ ಬರಲೇಬೇಕಿತ್ತು. ಮಗು ಬಿಟ್ಟ ಪಟ್ಟಿ ತಟ್ಟುವಿನ ಮೈಗೆ ಬಂತು.

ಮುಂದಿನ ವರ್ಷಗಳಲ್ಲಿ ಶೆಟ್‌ಲ್ಯಾಂಡಿನಿಂದ ಗಂಡು ತಟ್ಟುಗಳು ಹಡಗು ಹತ್ತಿ ಈಶಾನ್ಯ ಇಂಗ್ಲೆಂಡಿನ ಗಣಿಗಳಿಗೆ ಇಳಿದವು. ಬೇಡಿಕೆ ಏರಿತು. ಡರ್ಹಮ್ ಸೀಮೆಯಲ್ಲಿ ಗಣಿಗಳಿದ್ದ ಲಂಡನ್‌ಡೆರಿ ಜಮೀನುದಾರ ಮನೆತನ 1870ರ ಸುಮಾರಿಗೆ ಶೆಟ್‌ಲ್ಯಾಂಡಿನ ಬ್ರೆಸೇ, ನಾಸ್ ಎಂಬ ದ್ವೀಪಗಳಲ್ಲಿ ಜಾಗ ಗುತ್ತಿಗೆ ಹಿಡಿದು ತಾವೇ ತಳಿ ಬೆಳೆಸಲು ನಿಂತರು. ಮೈಯಲ್ಲಿ ತೂಕ ಆದಷ್ಟು ಜಾಸ್ತಿ ಇರಬೇಕು, ಆ ತೂಕ ನೆಲಕ್ಕೆ ಆದಷ್ಟು ಹತ್ತಿರ ಇರಬೇಕು: ಅವರಿಗೆ ಬೇಕಿದ್ದದ್ದು ಇಷ್ಟು. ಗಿಡ್ಡತನವನ್ನು ಮನುಷ್ಯ ಲೆಕ್ಕ ಹಾಕಿ ಆರಿಸತೊಡಗಿದ್ದು ಇಲ್ಲಿಂದ. 1890ರಲ್ಲಿ ತಳಿಯ ವಂಶಾವಳಿ ಬರೆದಿಡುವ ಸಂಘವೂ ಹುಟ್ಟಿತು. ಇವತ್ತು ಅಂಗಳದಲ್ಲಿ ಬಹುಮಾನ ಗೆಲ್ಲುವ ಎಷ್ಟೋ ಸಣ್ಣ ಕುದುರೆಗಳ ಬೇರು ಹುಡುಕಿದರೆ ಈ ಗಣಿಧಣಿಗಳ ಲಾಯಕ್ಕೇ ಹೋಗುತ್ತದೆ.

ಗಣಿಯ ತಟ್ಟುವಿನ ಬಾಳು ಎಂಥದು ಎಂದು ಹೇಳಲೇಬೇಕು. ಎಷ್ಟೋ ಗಣಿಗಳಲ್ಲಿ ಲಾಯವೇ ನೆಲದಡಿ ಇತ್ತು. ಒಮ್ಮೆ ಇಳಿದ ಪ್ರಾಣಿ ಬಿಸಿಲು ಕಾಣುವುದು ವರ್ಷಕ್ಕೊಮ್ಮೆ ಗಣಿಗೆ ರಜೆ ಬಂದಾಗ, ಕೆಲವು ಕಡೆ ಅದೂ ಇಲ್ಲ. ಜೊತೆಗಿರುತ್ತಿದ್ದದ್ದು ಹರೆಯದ ಒಬ್ಬ ಹುಡುಗ. ಕತ್ತಲಲ್ಲಿ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಭರವಸೆ. ಛಾವಣಿ ಬಿರಿಯುವ ಸದ್ದು ತಟ್ಟುವಿಗೆ ಮೊದಲು ಕೇಳಿ, ಅದು ಹೆಜ್ಜೆ ಕೀಳದೆ ನಿಂತು ಹುಡುಗನನ್ನು ಉಳಿಸಿತು ಎಂಬಂಥ ಕತೆಗಳನ್ನು ಗಣಿ ಕೆಲಸಗಾರರು ಹೇಳಿಕೊಂಡು ಬಂದಿದ್ದಾರೆ. ಹೊಡೆತದ ಕತೆಗಳೂ ಕಡಿಮೆ ಇಲ್ಲ. 1911ರ ಗಣಿ ಕಾನೂನಿನಲ್ಲಿ ಈ ಪ್ರಾಣಿಗಳ ರಕ್ಷಣೆಗೆ ನಿಯಮ ಸೇರಿತು. 1913ರ ಹೊತ್ತಿಗೆ ಬ್ರಿಟನ್ನಿನ ಗಣಿಗಳಲ್ಲಿ ಸುಮಾರು 70,000 ಕುದುರೆ, ತಟ್ಟುಗಳಿದ್ದವು. ಆಮೇಲೆ ಯಂತ್ರ ಬಂತು, ಸಂಖ್ಯೆ ಇಳಿಯಿತು. ನಾರ್ತಂಬರ್‌ಲ್ಯಾಂಡಿನ ಎಲಿಂಗ್ಟನ್ ಗಣಿಯ ಕೊನೆಯ ತಟ್ಟುಗಳು ಮೇಲೆ ಬಂದದ್ದು 1994ರಲ್ಲಿ. ನಮ್ಮ ಅಣ್ಣಂದಿರು ಹುಟ್ಟಿದ ಕಾಲ ಅದು!

ಅಮೆರಿಕಕ್ಕೆ ಶೆಟ್‌ಲ್ಯಾಂಡ್ ತಟ್ಟು ಹೋದದ್ದು 1880ರ ದಶಕದಲ್ಲಿ. 1888ರಲ್ಲೇ ಅಲ್ಲಿ ಸಂಘ ಕಟ್ಟಿದರು. ಅಲ್ಲೂ ಕೆಲವು ಗಣಿಗೆ ಇಳಿದವು, ಹೆಚ್ಚಿನವು ಮಕ್ಕಳ ಸವಾರಿಗೆ ಸೇರಿದವು. ಅತಿ ಸಣ್ಣವನ್ನೇ ಆರಿಸಿ ಸಾಕುವ ಹುಚ್ಚು ಕ್ರಮೇಣ ಬೆಳೆಯಿತು. ಅರ್ಜೆಂಟೀನಾದ ಫಲಾಬೆಲ್ಲಾ ಮನೆತನ ಬೆಳೆಸಿದ ಪುಟ್ಟ ಕುದುರೆಗಳೂ ಬಂದು ಸೇರಿದವು. ಮಿನಿಯೇಚರ್ ಕುದುರೆಗೆಂದು ಪ್ರತ್ಯೇಕ ದಾಖಲೆ ಪುಸ್ತಕ 1972ರಲ್ಲಿ ತೆರೆಯಿತು. 34 ಇಂಚಿನ ಕಟ್ಟುನಿಟ್ಟು ಮಾಡಿದ ಸಂಘ 1978ರಲ್ಲಿ ಟೆಕ್ಸಾಸ್ ರಾಜ್ಯದಲ್ಲಿ ಹುಟ್ಟಿತು.

ಈಗ ಒಂದು ತೊಡಕು. ಸುಮಾರು 100 ಕಿಲೋ ತೂಗುವ ಕುದುರೆಯ ಬೆನ್ನ ಮೇಲೆ ದೊಡ್ಡವರು ಕೂರುವಂತಿಲ್ಲ. ಹಾಗಾದರೆ ಅದು ಮಾಡುವುದೇನು? ಎಳೆಯುವುದು. ಹೊರುವುದಕ್ಕೂ ಎಳೆಯುವುದಕ್ಕೂ ಇರುವ ವ್ಯತ್ಯಾಸ ಎತ್ತು ಕಟ್ಟಿದವರಿಗೆ ಗೊತ್ತು. ಗಟ್ಟಿ ನೆಲ, ಹಗುರ ಗಾಡಿ, ಎಣ್ಣೆ ಬಿಟ್ಟ ಚಕ್ರ ಇದ್ದರೆ ಕೂತವರ ಭಾರ ಚಕ್ರದ ಮೇಲೆ. ಸೈಕಲ್ ಚಕ್ರದಂಥ ಚಕ್ರದ ಆ ಗಾಡಿಯ ಮೂಕಿಗಳ ನಡುವೆ ಸರಿಯಾಗಿ ನಿಂತ ಕುದುರೆಗೆ ಒಬ್ಬ ಮನುಷ್ಯ ದೊಡ್ಡ ಹೊರೆಯಲ್ಲ. ಹೀಗೆ ಗಣಿಯ ಕೆಲಸವೇ ಅಂಗಳದ ಆಟವಾಯಿತು.

ಆಟದಲ್ಲೂ ಬಗೆಗಳಿವೆ. ಒಂದರಲ್ಲಿ ಕುದುರೆ ಕಾಲನ್ನು ಮೇಲೆತ್ತಿ ಗತ್ತಿನಿಂದ ಓಡಬೇಕು. ಇನ್ನೊಂದರಲ್ಲಿ ಸಂಜೆ ಊರ ದಾರಿಯಲ್ಲಿ ಹೋದ ಹಾಗೆ ನಿರಾಳವಾಗಿ ಹೋಗಬೇಕು. ರೋಡ್‌ಸ್ಟರ್ ಎಂಬ ಬಗೆಯಲ್ಲಿ ಚಾಲಕರು ರೇಸಿನ ಜಾಕಿಗಳಂತೆ ಬಣ್ಣದ ರೇಷ್ಮೆ ಅಂಗಿ ತೊಟ್ಟು ಬರುತ್ತಾರೆ, ಕೊನೆಗೆ ಪೂರ್ತಿ ವೇಗ ಬಿಡಬೇಕು. ವಿಡಿಯೊದಲ್ಲಿ ಜನ ಕೂಗುವುದು ಇದಕ್ಕೇ. ಆದರೆ ನಮಗೆ ಹಿಡಿಸಿದ್ದು ಕೂಗಾಟ ನಿಂತ ಮೇಲಿನ ಭಾಗ. ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಕುದುರೆ ಕದಲದೆ ನಿಲ್ಲಬೇಕು, ಹೇಳಿದಾಗ ಗಾಡಿ ಸಮೇತ ನೆಟ್ಟಗೆ ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ಗಾಡಿ ಹಿಂದಕ್ಕೆ ತಳ್ಳಿಸುವುದು ಎಷ್ಟು ಕಷ್ಟ ಎಂದು ನಿಮ್ಮ ಅಜ್ಜನನ್ನು ಕೇಳಿ. 3 ವರ್ಷ ತುಂಬದ ಕುದುರೆಯನ್ನು ಗಾಡಿ ಕಟ್ಟಿ ಸ್ಪರ್ಧೆಗೆ ತರುವಂತಿಲ್ಲ.

ಅಂಗಳದ ಆಚೆಗೂ ಒಂದು ಸ್ಪರ್ಧೆ ಇದೆ. ಇಂಗ್ಲೆಂಡಿನ ರಾಣಿಯ ಪತಿ ಪ್ರಿನ್ಸ್ ಫಿಲಿಪ್ ಅಂತರರಾಷ್ಟ್ರೀಯ ಕುದುರೆ ಕ್ರೀಡಾ ಒಕ್ಕೂಟದ ಅಧ್ಯಕ್ಷರಾಗಿದ್ದಾಗ, 1960ರ ದಶಕದ ಕೊನೆಗೆ, ಗಾಡಿ ಸ್ಪರ್ಧೆಗೆ ನಿಯಮ ಬರೆಸಿದರು. ಮೊದಲು ಶಿಸ್ತಿನ ನಡೆ. ಆಮೇಲೆ ಗುಡ್ಡ, ನೀರು, ಇಕ್ಕಟ್ಟಿನ ಗೇಟುಗಳ ನಡುವೆ ದೂರದ ಓಟ. ಕೊನೆಗೆ ಚೆಂಡು ಬೀಳದಂತೆ ಕೋನ್‌ಗಳ ನಡುವೆ ಗಾಡಿ ನುಸುಳಿಸುವುದು. ಅಮೆರಿಕದಲ್ಲಿ 39 ಇಂಚಿನವರೆಗಿನ ಕುದುರೆಗಳಿಗೆ ಇದರಲ್ಲಿ ಬೇರೆಯೇ ವಿಭಾಗವಿದೆ, ವೇಗದ ಮಿತಿಯೂ ಕಡಿಮೆ.

ಹಾಗಾದರೆ ಪಾಪ ಇಲ್ಲವೇ ಇಲ್ಲವಾ? ಇದೆ, ಆದರೆ ನಾವು ಅಂದುಕೊಂಡ ಕಡೆ ಅಲ್ಲ. ಅದು ಗಾಡಿಗಿಂತ ಹೆಚ್ಚಾಗಿ ಅಳತೆಪಟ್ಟಿಯಲ್ಲಿದೆ. ಇನ್ನೂ ಸಣ್ಣದು ಬೇಕು ಎಂದು ಸಣ್ಣದಕ್ಕೆ ಸಣ್ಣದನ್ನೇ ಕೂಡಿಸುತ್ತ ಹೋದಾಗ ಕುಬ್ಜ ಮರಿಗಳು ಹುಟ್ಟತೊಡಗಿದವು. ಸೊಟ್ಟ ಕಾಲು, ಕೂಡದ ದವಡೆ, ಉಸಿರಾಟದ ಕಷ್ಟ. ತಾಯಿಗೆ ಹೆರಿಗೆಯೂ ಕಠಿಣ. ಕೆಂಟಕಿ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಕಾರಣವಾದ ಜೀನ್ ದೋಷಗಳನ್ನು ಗುರುತಿಸಿದ್ದಾರೆ. ನೋಡಲು ಚೆನ್ನಾಗಿಯೇ ಇರುವ ತಂದೆ ತಾಯಿ ಇಬ್ಬರೂ ದೋಷ ಹೊತ್ತಿದ್ದರೆ ನಾಲ್ಕರಲ್ಲಿ ಒಂದು ಮರಿಗೆ ಅಪಾಯ. ಈಗ ಕೂದಲು ಕಳಿಸಿ ಪರೀಕ್ಷೆ ಮಾಡಿಸಬಹುದು.

ಗಾಡಿ ಕಟ್ಟುವವರ ಪರ ಒಂದು ಮಾತು ಹೇಳಬೇಕು. ಸೊಟ್ಟ ಕಾಲಿನ, ಉಸಿರು ಕಟ್ಟುವ ಕುದುರೆ ಓಡಿ ಗೆಲ್ಲಲಾರದು. ಮಡಿಲಲ್ಲಿ ಕೂರಿಸಿ ಫೋಟೊ ತೆಗೆಯಲು ಸಾಕುವವರಿಗೆ ಆ ಚಿಂತೆ ಇಲ್ಲ. ಇಷ್ಟಾದರೂ ನಮ್ಮ ಬಳಗದಲ್ಲೇ ಇಬ್ಬರು ಒಪ್ಪಿಲ್ಲ. ತಲೆ ಎತ್ತಿ ನಿಲ್ಲಿಸಲು ಬಾಯಿಂದ ಬೆನ್ನಿಗೆ ಬಿಗಿಯುವ ಹಗ್ಗ ನೋಡಿ ಎನ್ನುತ್ತಾರೆ ಅವರು. ಅದೂ ನಿಜವೇ.

ವಿಡಿಯೊ ಮತ್ತೆ ಬಂದರೆ ಗಾಡಿಯ ಹೊಳಪು ಬಿಟ್ಟು ಕುದುರೆಯನ್ನು ನೋಡಿ. ಬಾಯಿ ಮುಚ್ಚಿದೆಯಾ, ಕಿವಿ ಅಲ್ಲಾಡುತ್ತಿದೆಯಾ, ಬಾಲ ಸಿಟ್ಟಿನಿಂದ ಬೀಸುತ್ತಿದೆಯಾ, ನಿಂತಾಗ ಪಕ್ಕೆ ಎಷ್ಟು ಏರಿಳಿಯುತ್ತಿದೆ. ಎತ್ತು ಕೊಳ್ಳಲು ಸಂತೆಗೆ ಹೋದವರ ಕಣ್ಣಿಗೆ ಅಷ್ಟು ಸಾಕು.