ಕಣ್ಣು ಕಂಡದ್ದನ್ನು ಕ್ಯಾಮೆರಾ ಕಾಣುವಂತೆ ಮಾಡಿದ ಕಥೆ

ಮಬ್ಬುಗತ್ತಲೆಯ ಕೋಣೆಯಲ್ಲಿ ನಿಂತು, ಬಿಸಿಲು ಸುರಿಯುವ ಕಿಟಕಿಯತ್ತ ಕ್ಯಾಮೆರಾ ಹಿಡಿದಿದ್ದೀರಾ? ಹೊರಗಿನ ಮರ ಸ್ಪಷ್ಟವಾಗಿ ಮೂಡಿದರೆ ಒಳಗಿನ ಮೇಜು ಕುರ್ಚಿಗಳು ಕಪ್ಪಾಗುತ್ತವೆ. ಅವು ಮೂಡಿದರೆ ಕಿಟಕಿ ಬರೀ ಬಿಳಿಯ ಚೌಕವಾಗುತ್ತದೆ. ನಮ್ಮ ಕಣ್ಣಿಗೆ ಮಾತ್ರ ಎರಡೂ ಕಾಣುತ್ತವೆ. ಈ ತೊಡಕಿಗೆ ಇಂದಿನ ಪರಿಹಾರದ ಹೆಸರು 'ಹೈ ಡೈನಮಿಕ್ ರೇಂಜ್', ಚಿಕ್ಕದಾಗಿ ಎಚ್.ಡಿ.ಆರ್. ಇದು ಕಂಪ್ಯೂಟರಿನ ಕೂಸು ಎಂದು ಹಲವರ ನಂಬಿಕೆ. ಆದರೆ ಇದರ ಬೇರು 1850ರ ದಶಕದ ಫ್ರಾನ್ಸಿನಲ್ಲಿದೆ.

ಆಗ ಚಿತ್ರ ತೆಗೆಯುತ್ತಿದ್ದುದು ಕೊಲೋಡಿಯನ್ ಲೇಪಿಸಿದ ಗಾಜಿನ ಫಲಕದ ಮೇಲೆ. ಆ ಲೇಪ ನೀಲಿ ಬಣ್ಣಕ್ಕೆ ಬಹುಬೇಗ ಸ್ಪಂದಿಸುತ್ತಿತ್ತು. ಹೀಗಾಗಿ ನೆಲ, ನೀರು ಮೂಡುವಷ್ಟರಲ್ಲಿ ಆಕಾಶ ಮೋಡಗಳೆಲ್ಲ ಅಳಿಸಿ ಬೆಳ್ಳಗಾಗುತ್ತಿತ್ತು. ಚಿತ್ರಕಲೆ ಕಲಿತು ಛಾಯಾಗ್ರಹಣಕ್ಕೆ ಬಂದಿದ್ದ ಗುಸ್ತಾವ್ ಲ ಗ್ರೇ ಇದಕ್ಕೆ ಒಂದು ಉಪಾಯ ಹೂಡಿದ. ಸಮುದ್ರಕ್ಕೆ ಒಂದು ನೆಗೆಟಿವ್, ಆಕಾಶಕ್ಕೆ ಇನ್ನೊಂದು. ಕಾಗದದ ಒಂದು ಭಾಗವನ್ನು ಮರೆಮಾಡಿ ಮೊದಲನೆಯದನ್ನು ಅಚ್ಚಿಳಿಸುವುದು, ಬಳಿಕ ಉಳಿದ ಭಾಗಕ್ಕೆ ಎರಡನೆಯದನ್ನು. ಬೆಸುಗೆ ದಿಗಂತದ ಗೆರೆಯಲ್ಲಿ ಅಡಗುತ್ತಿತ್ತು. 1857ರ 'ಮಹಾ ಅಲೆ' ಎಂಬ ಚಿತ್ರ ಹೀಗೆ ಹುಟ್ಟಿದ್ದು.

ಇದು ಮೋಸವಲ್ಲವೇ ಎಂದು ನೀವು ಕೇಳಬಹುದು. ಬರಿದಾದ ಬಿಳಿ ಆಕಾಶವೇನು ನಿಜವೇ ಎಂಬುದು ನನ್ನ ಮರುಪ್ರಶ್ನೆ. ಆದರೂ ಲ ಗ್ರೇ ಒಂದೇ ಆಕಾಶವನ್ನು ಬೇರೆ ಬೇರೆ ಸಮುದ್ರಗಳಿಗೆ ಹೊಂದಿಸಿದ್ದುಂಟು! ಅಲ್ಲಿ ಮಾತ್ರ ಅನುಮಾನಪಡುವ ಹಕ್ಕು ನಮಗಿದೆ.

ಆತನ ಬಾಳು ಚಿತ್ರಗಳಷ್ಟು ಹೊಳೆಯಲಿಲ್ಲ. 1860ರಲ್ಲಿ ವ್ಯವಹಾರ ಮುರಿದುಬಿತ್ತು. ಲೇಖಕ ಅಲೆಕ್ಸಾಂಡರ್ ಡ್ಯೂಮಾನ ಜತೆ ಸಮುದ್ರಯಾನ ಹೊರಟವನು ನಡುದಾರಿಯಲ್ಲೇ ಬೇರ್ಪಟ್ಟ. ಮತ್ತೆ ಪ್ಯಾರಿಸ್ಸಿನಲ್ಲಿ ನೆಲೆಸಲೇ ಇಲ್ಲ. ಕೈರೋದಲ್ಲಿ ಚಿತ್ರಕಲೆಯ ಮೇಷ್ಟರಾಗಿ 1884ರಲ್ಲಿ ತೀರಿಕೊಂಡ. 1999ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದೇ 'ಮಹಾ ಅಲೆ'ಯ ಒಂದು ಪ್ರತಿ ಐದು ಲಕ್ಷ ಪೌಂಡಿಗೂ ಮೀರಿ ಮಾರಾಟವಾಯಿತು.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ಚಾರ್ಲ್ಸ್ ವೈಕಾಫ್ ಅಣುಸ್ಫೋಟಗಳ ಚಿತ್ರ ತೆಗೆಯಬೇಕಾಯಿತು. ಕಣ್ಣು ಕೋರೈಸುವ ಬೆಂಕಿಯುಂಡೆ ಮತ್ತು ಅದರ ಸುತ್ತಣ ಮಬ್ಬು ಎರಡೂ ಸಿಗಬೇಕಲ್ಲ! ಬೆಳಕಿಗೆ ಬೇರೆ ಬೇರೆ ಪ್ರಮಾಣದಲ್ಲಿ ಸ್ಪಂದಿಸುವ ಮೂರು ಪದರಗಳ ಫಿಲ್ಮನ್ನು ಅವರು ರೂಪಿಸಿದರು. 1995ರಲ್ಲಿ ಸ್ಟೀವ್ ಮ್ಯಾನ್ ಮತ್ತು ರೊಸಲಿಂಡ್ ಪಿಕಾರ್ಡ್, 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಭಾರತದಲ್ಲಿ ಹುಟ್ಟಿದ ಜಿತೇಂದ್ರ ಮಲಿಕ್, ಹಲವು ಚಿತ್ರಗಳಿಂದ ದೃಶ್ಯದ ನಿಜವಾದ ಬೆಳಕನ್ನು ಲೆಕ್ಕಹಾಕುವ ಗಣಿತವನ್ನು ಮುಂದಿಟ್ಟರು. ಇಂದು ಕೈಯಲ್ಲಿರುವ ಫೋನು ಇಂಥ ಕೆಲಸವನ್ನು ಕ್ಷಣದಲ್ಲಿ ಮುಗಿಸುತ್ತದೆ.

ನೀವೇ ಮಾಡಿ ನೋಡಬೇಕೆಂದರೆ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ನಿಲ್ಲಿಸಿ. ಲೆನ್ಸಿನ ಕಿಂಡಿಯನ್ನು ಬದಲಿಸದೆ ಸೆಕೆಂಡಿನ 1/30, 1/125, 1/500 ಭಾಗಗಳಲ್ಲಿ ಮೂರು ಚಿತ್ರ ತೆಗೆಯಿರಿ. ಕಂಪ್ಯೂಟರಿನಲ್ಲಿ ಅವನ್ನು ಬೆಸೆಯಿರಿ. ಗಾಳಿಯಿರುವ ದಿನ ಬೇಡ. ಅಲುಗಿದ ಎಲೆಗಳು ಬೆಸೆದ ಚಿತ್ರದಲ್ಲಿ ಮೂರು ಮೂರಾಗಿ ಕಾಣುತ್ತವೆ.