ದೊಡ್ಡ ಕರುಳನ್ನು ದಂಡ ಎಂದಿದ್ದರು

ಹೊಟ್ಟೆಯ ಬಲಗಡೆ, ಸೊಂಟದ ಎಲುಬಿನ ಹತ್ತಿರ ಕೈ ಇಡಿ. ದೊಡ್ಡ ಕರುಳು ಶುರುವಾಗುವುದು ಅಲ್ಲಿಂದ. ಅಪೆಂಡಿಕ್ಸ್ ಎಂಬ ಸಣ್ಣ ಬಾಲ ಇರುವುದೂ ಅಲ್ಲೇ. ಕರುಳು ಪಕ್ಕೆಲುಬಿನವರೆಗೆ ಮೇಲೇರಿ, ಹೊಟ್ಟೆಯನ್ನು ಅಡ್ಡ ದಾಟಿ, ಎಡಗಡೆ ಇಳಿದು ಗುದದ್ವಾರ ಸೇರುತ್ತದೆ. ಉದ್ದ ಸುಮಾರು 5 ಅಡಿ. ಸಣ್ಣ ಕರುಳು ಇದಕ್ಕಿಂತ ಬಹಳ ಉದ್ದ, ಆದರೆ ಸಪೂರ. ‘ದೊಡ್ಡ’ ಎಂಬ ಹೆಸರು ಅಗಲಕ್ಕೆ ಬಂದದ್ದು.

ನೂರು ವರ್ಷಗಳ ಹಿಂದೆ ಯುರೋಪಿನ ಕೆಲವು ಹೆಸರಾಂತ ತಜ್ಞರಿಗೆ ಇದು ಕೆಲಸಕ್ಕೆ ಬಾರದ ಅಂಗವಾಗಿ ಕಂಡಿತ್ತು. 1908ರಲ್ಲಿ ನೊಬೆಲ್ ಪಡೆದ ಮೆಚ್ನಿಕಾಫ್, ಇಲ್ಲಿನ ಬ್ಯಾಕ್ಟೀರಿಯಾದ ವಿಷದಿಂದಲೇ ಬೇಗ ಮುಪ್ಪು ಬರುತ್ತದೆ ಎಂದು ವಾದಿಸಿದ. ಅದಕ್ಕೆ ಹುಳಿ ಹಾಲು, ಮೊಸರು ಮದ್ದು ಎಂದ. (ಮೊಸರಿನ ವಿಷಯ ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.) ಲಂಡನ್ನಿನ ಸರ್ಜನ್ ಆರ್ಬತ್‌ನಾಟ್ ಲೇನ್ ಇನ್ನೂ ಮುಂದೆ ಹೋದ. ಮಲಬದ್ಧತೆ ಎಂದು ಬಂದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದ! ಕೊನೆಗೆ ಅವನೇ ಚಾಕು ಬಿಟ್ಟು, ತೌಡಿನ ರೊಟ್ಟಿ ತಿನ್ನಿರೆಂದು ಪ್ರಚಾರಕ್ಕೆ ನಿಂತ.

ತೌಡಿನಲ್ಲಿ ಏನಿದೆ? ಅದಕ್ಕೆ ಉತ್ತರ ಹಳ್ಳಿಗಳಿಂದ ಬಂತು. ಡೆನಿಸ್ ಬರ್ಕಿಟ್ ಎಂಬ ಐರಿಷ್ ಸರ್ಜನ್ 1946ರಿಂದ ಸುಮಾರು 20 ವರ್ಷ ಉಗಾಂಡಾದಲ್ಲಿದ್ದ. ತನ್ನ ದೇಶದಲ್ಲಿ ದಿನವೂ ಕಾಣುವ ಮೂಲವ್ಯಾಧಿ, ಕರುಳಿನ ಕ್ಯಾನ್ಸರ್ ಅಲ್ಲಿನ ಹಳ್ಳಿಗರಲ್ಲಿ ಅಪರೂಪವಾಗಿದ್ದವು. 1972ರಲ್ಲಿ ಅವನೂ ಜೊತೆಗಾರರೂ ಲೆಕ್ಕ ಪ್ರಕಟಿಸಿದರು. ಉಂಡದ್ದು ಹೊರಬರಲು ಉಗಾಂಡಾದ ಹಳ್ಳಿಗರಿಗೆ ಒಂದೂವರೆ ದಿನ, ಬ್ರಿಟನ್ನಿನವರಿಗೆ ಮೂರು ದಿನಕ್ಕೂ ಹೆಚ್ಚು. ಎಲ್ಲ ರೋಗಕ್ಕೂ ನಾರಿನ ಕೊರತೆಯೇ ಕಾರಣ ಎಂಬಷ್ಟು ದೂರ ಅವನು ಹೋದದ್ದು ಅತಿಯಾಯಿತು. ಆದರೆ ಬುಡದ ಮಾತು ಸುಳ್ಳಾಗಲಿಲ್ಲ. ದೊಡ್ಡ ಕರುಳು ದಿನಕ್ಕೆ ಒಂದು ಲೀಟರಿನಷ್ಟು ನೀರು ಹೀರಿ ದೇಹಕ್ಕೆ ವಾಪಸ್ ಕೊಡುತ್ತದೆ. ನಮಗೆ ಅರಗದ ನಾರನ್ನು ಅಲ್ಲಿನ ಬ್ಯಾಕ್ಟೀರಿಯಾ ಹುಳಿಸುತ್ತವೆ. ಹಾಗೆ ಹುಟ್ಟುವ ಆಮ್ಲವೇ ಕರುಳಿನ ಒಳಗೋಡೆಗೆ ಊಟ.

ಈಗ ಸಿರವಾರಕ್ಕೆ ಬನ್ನಿ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ. ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡ ನಮ್ಮ ಹಿರಿಯರ ಕರುಳು ಉಪವಾಸ ಬಿದ್ದಿರಲಿಕ್ಕಿಲ್ಲ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂತು. ಎಡದಂಡೆ ಕಾಲುವೆಯನ್ನು ಲೆಕ್ಕ ಹಾಕಿದ್ದು ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ಮೇಲ್ಭಾಗದವರು ಭತ್ತ ಹಚ್ಚಿದರು. ಮಾನ್ವಿ, ಸಿರವಾರದ ಕೊನೆಯ ಭಾಗದ ಹೊಲಗಳಿಗೆ ನೀರು ಮುಟ್ಟಲಿಲ್ಲವೆಂದು ರೈತರು ಇವತ್ತಿಗೂ ರಸ್ತೆಗಿಳಿಯುತ್ತಾರೆ. ನೀರು ಮುಟ್ಟದ ಊರಿಗೂ ಅಕ್ಕಿ ಮಾತ್ರ ಮುಟ್ಟಿತು, ರೇಷನ್ ಚೀಲದಲ್ಲಿ.